ಎಚ್-ಬ್ರಿಡ್ಜ್ ಲೋಡ್ ಇಲ್ಲದೆಯೂ ಬಿಸಿಯಾಗ್ತಿದೆ, ಪಿಡಬ್ಲ್ಯೂಎಂನಲ್ಲಿ ಏನು ತಪ್ಪು?

ಪ್ರಶ್ನೆ: ನಾಲ್ಕು ಮಾಸ್‌ಫೆಟ್‌ನ ಎಚ್-ಬ್ರಿಡ್ಜ್ (ಮೋಟಾರನ್ನ ಎರಡೂ ದಿಕ್ಕಿಗೆ ತಿರುಗಿಸೋ ಸರ್ಕ್ಯೂಟ್), ಆಟ್‌ಮೆಗಾ328ಪಿ ಮೈಕ್ರೋಕಂಟ್ರೋಲರ್, 16 ಮೆಗಾಹರ್ಟ್ಸ್. ಒಂದೇ ಪಿಡಬ್ಲ್ಯೂಎಂ (ವೇಗ ಹೊಂದಿಸೋ ಆನ್-ಆಫ್ ಪಲ್ಸ್) ಪಿನ್ ತಗೊಂಡು, ಅದನ್ನ ನಾಟ್ ಗೇಟ್‌ನಲ್ಲಿ ಉಲ್ಟಾ ಮಾಡಿ ಐಆರ್2110 ಗೇಟ್ ಡ್ರೈವರ್‌ಗಳಿಗೆ (ಮಾಸ್‌ಫೆಟ್ ಆನ್-ಆಫ್ ಮಾಡೋ ಚಿಪ್) ಕೊಟ್ಟಿದ್ದೀನಿ. ಮೋಟಾರ್ ಕಳಚಿದ್ರೂ ಮಾಸ್‌ಫೆಟ್ ಮುಟ್ಟೋಕಾಗಲ್ಲ. ದೊಡ್ಡ ಹೀಟ್‌ಸಿಂಕ್ ಹಾಕ್ಬೇಕಾ ಸರ್?

ಉತ್ತರ: ಹೀಟ್‌ಸಿಂಕ್ ಇದಕ್ಕೆ ಮದ್ದಲ್ಲ. ಮೇಲಿನ ಮಾಸ್‌ಫೆಟ್ ಪೂರ್ತಿ ಆಫ್ ಆಗೋ ಮೊದಲೇ ಕೆಳಗಿನದು ಆನ್ ಆಗ್ತಿದೆ, ಅಷ್ಟು ಹೊತ್ತು ಸಪ್ಲೈ ನೇರ ಶಾರ್ಟ್. ಐಆರ್2110 ತಾನಾಗಿ ಡೆಡ್ ಟೈಮ್, ಅಂದ್ರೆ ಎರಡೂ ಆಫ್ ಇರೋ ಸಣ್ಣ ಬಿಡುವು, ಕೊಡಲ್ಲ (ಐಆರ್2104 ಕೊಡುತ್ತೆ, ಸುಮಾರು 520 ನ್ಯಾನೋಸೆಕೆಂಡ್). ನಾಟ್ ಗೇಟ್ ತೆಗೆದುಬಿಡಿ, ಆಟ್‌ಮೆಗಾ ಒಳಗಿನ ಟೈಮರ್1ರಿಂದಲೇ ಎರಡೂ ಸಿಗ್ನಲ್ ತೆಗೀರಿ.

ಫೇಸ್ ಕರೆಕ್ಟ್ ಮೋಡ್ 10 (ಕೌಂಟರ್ ಸೊನ್ನೆಯಿಂದ ಮೇಲೇರಿ ಮತ್ತೆ ಕೆಳಗಿಳಿಯುತ್ತೆ): ಟೈಮರ್ ಸೆಟ್ಟಿಂಗ್ ರಿಜಿಸ್ಟರ್‌ಗಳಾದ ಟಿಸಿಸಿಆರ್1ಎಗೆ ಬೈನರಿ 10110010, ಟಿಸಿಸಿಆರ್1ಬಿಗೆ 00010001, ಕೌಂಟರ್‌ನ ತುದಿ ಹೇಳೋ ಐಸಿಆರ್1ಗೆ 400. 20 ಕಿಲೋಹರ್ಟ್ಸ್ ಬರುತ್ತೆ. ಕೌಂಟರ್ ಓಸಿಆರ್1ಎಗಿಂತ (ಡ್ಯೂಟಿ ಬರೆಯೋ ರಿಜಿಸ್ಟರ್) ಕೆಳಗಿದ್ದಾಗ ಎ ಪಿನ್ ಹೈ, ಓಸಿಆರ್1ಬಿ ದಾಟಿದಾಗ ಬಿ ಪಿನ್ ಹೈ. ಓಸಿಆರ್1ಬಿ ಯಾವಾಗಲೂ ಓಸಿಆರ್1ಎಗಿಂತ 16 ಜಾಸ್ತಿ ಇರಲಿ: ಒಂದು ಕೌಂಟ್ 62.5 ನ್ಯಾನೋಸೆಕೆಂಡ್, ಹಾಗಾಗಿ ಎರಡೂ ಅಂಚಲ್ಲಿ 1 ಮೈಕ್ರೋಸೆಕೆಂಡ್ ಖಾಲಿ.

ಎ ಪಿನ್ ಬ್ರಿಡ್ಜ್‌ನ ಎಡಗಾಲಿನ (ಎಡಬದಿಯ ಜೋಡಿ) ಮೇಲಿನ ಮಾಸ್‌ಫೆಟ್‌ಗೂ ಬಲಗಾಲಿನ ಕೆಳಗಿನದಕ್ಕೂ ಹೋಗಲಿ, ಬಿ ಉಳಿದೆರಡಕ್ಕೆ. ಆಗ ಓಸಿಆರ್1ಎ = 192 ಅಂದ್ರೆ ಮೋಟಾರ್ ನಿಂತಿರುತ್ತೆ. 24ರಿಂದ 360ರೊಳಗೇ ಇರಿಸಿ. ಅದರಾಚೆ ಹೋದ್ರೆ ಕೆಳಗಿನ ಮಾಸ್‌ಫೆಟ್ ಆನ್ ಇರೋ ಹೊತ್ತು 3 ಮೈಕ್ರೋಸೆಕೆಂಡ್‌ಗಿಂತ ಕಮ್ಮಿಯಾಗಿ ಬೂಟ್‌ಸ್ಟ್ರಾಪ್ ಕೆಪಾಸಿಟರ್ (ಮೇಲಿನ ಮಾಸ್‌ಫೆಟ್ ಆನ್ ಮಾಡೋಕೆ ವೋಲ್ಟೇಜ್ ಕೊಡೋದು) ತುಂಬಲ್ಲ. ಅಲ್ಲಿ 1ಎನ್4007 ಡಯೋಡ್ ಹಾಕಿದ್ರೆ ಬದಲಿಸಿ, ಅದು ತುಂಬಾ ನಿಧಾನ, ಯುಎಫ್4007 ಸಾಕು. ಪಿನ್‌ಗಳನ್ನ ಔಟ್‌ಪುಟ್ ಮಾಡೋದು ಎಲ್ಲಾ ಮುಗಿದ ಮೇಲೆ.

ಪ್ರಶ್ನೆ: ಬಿಸಿ ನಿಂತಿತು, ಥ್ಯಾಂಕ್ಸ್ ಸರ್. ಆದ್ರೆ ಪೊಟೆನ್ಶಿಯೋಮೀಟರ್ ತಿರುಗಿಸುವಾಗ ಅಪರೂಪಕ್ಕೊಮ್ಮೆ ಕರೆಂಟ್ ಝಗ್ ಅಂತ ಏರುತ್ತೆ. ಇಂಟರಪ್ಟ್ ಆಫ್ ಮಾಡಿಯೇ ಎರಡೂ ರಿಜಿಸ್ಟರ್ ಬರೀತಿದ್ದೀನಿ.

ಉತ್ತರ: ಇಂಟರಪ್ಟ್ ನಿಲ್ಲಿಸಿದ್ರೂ ಟೈಮರ್ ನಿಲ್ಲಲ್ವಲ್ಲ. ಹೊಸ ಬೆಲೆಗಳು ಜಾರಿಯಾಗೋದು ಕೌಂಟರ್ 400 ಮುಟ್ಟಿದಾಗ. ಎ 200ರಿಂದ 230ಕ್ಕೆ ಹೋಗ್ಬೇಕು ಅಂದುಕೊಳ್ಳಿ. ಎ ಬರೆದು ಬಿ ಬರೆಯೋ ಮೊದಲೇ ಆ ಕ್ಷಣ ಬಂದ್ರೆ ಎ 230, ಬಿ ಇನ್ನೂ 216. 14 ಕೌಂಟ್ ಎರಡೂ ಆನ್. ಏರಿಸುವಾಗ ಮೊದಲು ಬಿ ಬರೀರಿ, ಇಳಿಸುವಾಗ ಮೊದಲು ಎ. ಮಧ್ಯೆ ಸಿಕ್ಕಿಕೊಂಡ್ರೂ ಡೆಡ್ ಟೈಮ್ ಒಂದು ಸೈಕಲ್ ಜಾಸ್ತಿಯಾಗುತ್ತೆ, ಅಷ್ಟೇ.

ಇನ್ನೊಬ್ಬರ ಉತ್ತರ: ಈ ತಲೆನೋವೇ ಬೇಡ ಅಂದ್ರೆ ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ತಗೊಳ್ಳಿ. ಅದರ ಟಿಮ್1 ಟೈಮರ್‌ನ ಪಿಎ8, ಪಿಬಿ13 ಪಿನ್ ಜೋಡಿಗೆ ಹಾರ್ಡ್‌ವೇರೇ ಡೆಡ್ ಟೈಮ್ ಇಡುತ್ತೆ, ಡ್ಯೂಟಿಗೆ ಒಂದೇ ರಿಜಿಸ್ಟರ್. 72 ಮೆಗಾಹರ್ಟ್ಸ್‌ನಲ್ಲಿ ಡಿಟಿಜಿಗೆ (ಡೆಡ್ ಟೈಮ್ ಬರೆಯೋ ಜಾಗ) 72 ಬರೆದ್ರೆ 1 ಮೈಕ್ರೋಸೆಕೆಂಡ್. 127 ದಾಟಿದ್ಮೇಲೆ ಲೆಕ್ಕದ ಸೂತ್ರ ಬೇರೆ, ಮ್ಯಾನುಯಲ್ ನೋಡಿ. ಬಿಡಿಟಿಆರ್ ರಿಜಿಸ್ಟರ್‌ನಲ್ಲಿ ಎಂಓಇ (ಔಟ್‌ಪುಟ್ ಆನ್ ಮಾಡೋ) ಬಿಟ್ ಮರೆತ್ರೆ ಟೈಮರ್ ಓಡ್ತಾ ಇರುತ್ತೆ, ಪಿನ್‌ನಲ್ಲಿ ಏನೂ ಬರಲ್ಲ. ಹ್ಯಾಲ್ (ಎಸ್‌ಟಿಯ ರೆಡಿ ಕೋಡ್ ಲೈಬ್ರರಿ) ಬಳಸೋರು ಉಲ್ಟಾ ಪಿನ್‌ಗೆ ಪಿಡಬ್ಲ್ಯೂಎಂಎನ್ ಸ್ಟಾರ್ಟ್ ಫಂಕ್ಷನ್ ಬೇರೆಯಾಗಿ ಕರೀಬೇಕು.

ಯಾವ ಚಿಪ್ ಆದ್ರೂ ಡೆಡ್ ಟೈಮ್ ಅಳೆಯೋದು ಚಿಪ್ ಪಿನ್‌ನಲ್ಲಲ್ಲ, ಮಾಸ್‌ಫೆಟ್ ಗೇಟ್‌ನಲ್ಲಿ. ಗೇಟ್ ರೆಸಿಸ್ಟರ್ ಅದರಲ್ಲಿ ಒಂದಷ್ಟು ನುಂಗಿರುತ್ತೆ.