ಐದು ಜನ, ಮೂರು ದಿನ, ಒಂದೇ ಚೀಲ: ಕ್ಯಾಂಪಿಂಗಿಗೆ ಅಡುಗೆ ಸಾಮಾನು ಹೇಗೆ ಕಟ್ಟಿಕೊಳ್ಳಲಿ?

ಮೈಸೂರುಮನೆ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಮೂಡಿಗೆರೆ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಟೆಂಟ್ ಹಾಕಿಕೊಂಡು ಎರಡು ರಾತ್ರಿ ಇರೋಣ ಅಂತ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, 9 ಮತ್ತು 5 ವರ್ಷದ ಇಬ್ಬರು ಹೆಣ್ಣುಮಕ್ಕಳು, 68 ವರ್ಷದ ನಮ್ಮತ್ತೆ. ಅತ್ತೆಗೆ ಶುಗರ್ ಇದೆ, ಮಾತ್ರೆ ತಗೊಳ್ಳುತ್ತಾರೆ.

ತೊಂದರೆ ಇರುವುದು ಜಾಗದ್ದು. ನಮ್ಮದು ಸಣ್ಣ ಕಾರು, ಅದರಲ್ಲೂ ಸಿಎನ್‌ಜಿ. ಅರ್ಧ ಡಿಕ್ಕಿಯನ್ನು ಸಿಲಿಂಡರೇ ನುಂಗಿಬಿಟ್ಟಿದೆ. ಎರಡು ಟೆಂಟ್, ಹೊದಿಕೆ, ಬಟ್ಟೆ ತುಂಬಿದ ಮೇಲೆ ಅಡುಗೆಗೆ ಉಳಿಯುವುದು ಒಂದು ದೊಡ್ಡ ಸಂತೆ ಚೀಲದಷ್ಟು ಜಾಗ. ಐಸ್ ಬಾಕ್ಸ್ ಇಡುವ ಹಾಗಿಲ್ಲ. 220 ಗ್ರಾಂ ಗ್ಯಾಸ್ ಡಬ್ಬಿ ಕೂರಿಸುವ ಒಂಟಿ ಒಲೆ ಇದೆ. ಕುಡಿಯುವ ನೀರು ತೋಟದವರೇ ಕೊಡುತ್ತಾರೆ. ಸೌದೆ ಹಚ್ಚುವುದು ಮಾತ್ರ ಬೇಡ ಅಂದಿದ್ದಾರೆ.

ಹೋದ ವರ್ಷ ಹೀಗೇ ಹೋದಾಗ ಮನೆಯ ಅಡುಗೆಮನೆಯನ್ನೇ ಹೊತ್ತುಕೊಂಡು ಹೋಗಿದ್ದೆ. ದೋಸೆ ಹಿಟ್ಟು ಕಾರಿನ ಬಿಸಿಗೆ ಉಕ್ಕಿ ಮುಚ್ಚಳ ತಳ್ಳಿ ಮಕ್ಕಳ ಸ್ವೆಟರ್ ಮೇಲೆಲ್ಲ ಹರಿಯಿತು. ಟೊಮೇಟೊ ಅಪ್ಪಚ್ಚಿಯಾಯಿತು. ಹಾಲು ಒಡೆಯಿತು. ಎರಡೂ ದಿನ ನಾನು ಒಲೆ ಮುಂದೆ ಬಗ್ಗಿಕೊಂಡೇ ಇದ್ದೆ. ಚಿಕ್ಕವಳು ಬಂದು, "ಅಮ್ಮಾ, ನೀನು ಹೊಳೆ ನೋಡಲೇ ಇಲ್ಲ" ಅಂದಳು. ಆ ಮಾತು ಇನ್ನೂ ಮನಸ್ಸಿನಲ್ಲಿದೆ. ಈ ಸಲ ಹಾಗಾಗಬಾರದು. ನಾವು ಸಸ್ಯಾಹಾರಿಗಳು. ದಯವಿಟ್ಟು ಮಾಡಿ ನೋಡಿದ್ದನ್ನೇ ಹೇಳಿ.

ಪ್ಯಾಕೆಟ್‌ಪ್ರಿಯ

ರೆಡಿ ಟು ಈಟ್ ಪ್ಯಾಕೆಟ್ ತಗೊಂಡು ಹೋಗಿ ಮೇಡಂ. ಬಿಸಿಬೇಳೆ ಬಾತ್, ಪೊಂಗಲ್ ಎಲ್ಲ ಸಿಗುತ್ತದೆ. ಪೊಟ್ಟಣದೊಳಗೆ ಹಾಕಿ ಮುಚ್ಚಿದ ಮೇಲೆ 121 ಡಿಗ್ರಿ ಹತ್ತಿರದ ಬಿಸಿಯಲ್ಲಿ ಬೇಯಿಸಿರುತ್ತಾರೆ. ಅದಕ್ಕೇ ತೆರೆಯುವವರೆಗೆ ಫ್ರಿಜ್ ಬೇಡ. ನಿಮ್ಮ ಮೈಸೂರಿನಲ್ಲೇ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಇಂಥ ಊಟದ ಮೇಲೆ ಕೆಲಸ ಮಾಡಿದೆ. ಕುದಿಯುವ ನೀರಿನಲ್ಲಿ ಪೊಟ್ಟಣ ಮುಳುಗಿಸಿಟ್ಟರೆ ಆಯಿತು, ಪಾತ್ರೆ ತೊಳೆಯುವ ಕೆಲಸವೂ ಇಲ್ಲ. ಖಾಲಿ ಕವರ್‌ಗಳನ್ನು ಮಾತ್ರ ವಾಪಸ್ ತನ್ನಿ.

ಗದಗಿನಅಕ್ಕ

ತಂಗಿ, ನಿಮ್ಮ ಮಗಳ ಮಾತು ಓದಿ ಕೂತು ಬರೆಯುತ್ತಿದ್ದೇನೆ. ಉದ್ದ ಆದರೂ ಓದಿ.

ಪ್ಯಾಕೆಟ್ ಒಂದೆರಡು ಇರಲಿ, ಮಳೆ ಬಂದರೆ ಬೇಕು. ಆದರೆ ಐದು ಜನಕ್ಕೆ ಐದು ಹೊತ್ತು ಅದೇ ಆದರೆ ದುಡ್ಡೂ ಜಾಸ್ತಿ, ಉಪ್ಪೂ ಜಾಸ್ತಿ. ಅತ್ತೆಯವರಿಗೆ ಅದು ಬೇಡ.

ನಾನು ಚಿಕ್ಕವಳಿದ್ದಾಗ ಭರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಯಲ್ಲಿ ಹೋಗುತ್ತಿದ್ದೆವು. ಹನ್ನೊಂದು ಜನ, ಜೊತೆಗೆ ಎತ್ತಿಗೆ ಮೇವು. ನಮ್ಮವ್ವ ಡಬ್ಬಿ ಅಂತ ಒಂದನ್ನೂ ಇಡುತ್ತಿರಲಿಲ್ಲ. ಎಲ್ಲ ಬಟ್ಟೆ ಗಂಟು. ಡಬ್ಬಿ ಖಾಲಿಯಾದರೂ ಅಷ್ಟೇ ಜಾಗ ಹಿಡಿಯುತ್ತದೆ. ಗಂಟು ಹಾಗಲ್ಲ, ಸಂದಿಯಲ್ಲಿ ಕೂರುತ್ತದೆ, ಖಾಲಿಯಾದ ಮೇಲೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು. ನನ್ನ ಮಕ್ಕಳನ್ನು ಕರೆದುಕೊಂಡು ಟೆಂಟಿಗೆ ಹೋಗಲು ಶುರು ಮಾಡಿದಾಗ ನಾನೂ ಅದನ್ನೇ ಹಿಡಿದೆ. ಸ್ಟೀಲ್ ಡಬ್ಬಿ ಮನೆಯಲ್ಲೇ ಇರಲಿ. ಕಾಳು, ಹಿಟ್ಟಿಗೆ ಜಿಪ್ ಕವರ್. ರೊಟ್ಟಿಗೆ ಹಳೇ ಪಂಚೆ ತುಂಡು.

ಇನ್ನೊಂದು ಮುಖ್ಯ ಮಾತು. ಹೆಚ್ಚುವುದು, ಹುರಿಯುವುದು, ರುಬ್ಬುವುದು ಮೂರನ್ನೂ ಮನೆಯಲ್ಲೇ ಮುಗಿಸಿ. ತೋಟದಲ್ಲಿ ನೀರು ಕಾಯಿಸಿ ಹಾಕುವುದು ಅಷ್ಟೇ ಉಳಿಯಬೇಕು. ಆಗ ಚಾಕು, ಮಣೆ, ಬಾಣಲೆ, ಎಣ್ಣೆ ಬಾಟಲಿ, ಮಸಾಲೆ ಡಬ್ಬಿ ಯಾವುದೂ ಬೇಡ.

ಉಪ್ಪಿಟ್ಟಿಗೆ ಹೀಗೆ ಮಾಡಿ. ಎರಡು ಲೋಟ ರವೆ. ಎಣ್ಣೆಯಲ್ಲಿ ಸಾಸಿವೆ, ಕಡ್ಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಹಾಕಿ. ಕರಿಬೇವನ್ನು ಚೆನ್ನಾಗಿ ಒರೆಸಿ ಹಾಕಿ. ಬೆರಳಲ್ಲಿ ಹಿಡಿದರೆ ಪುಡಿಯಾಗಬೇಕು, ಅಲ್ಲಿವರೆಗೆ ಬಿಡಿ. ಎಲೆ ಮೆತ್ತಗಿದ್ದರೆ ನೀರು ಉಳಿದಿದೆ ಅಂತ ಅರ್ಥ, ಆಮೇಲೆ ಮುಗ್ಗಲು ವಾಸನೆ ಬರುತ್ತದೆ. ಇದರಲ್ಲೇ ರವೆ ಹಾಕಿ ಘಮ ಬರುವವರೆಗೆ ಹುರಿದು ಉಪ್ಪು ಸೇರಿಸಿ. ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಲು ಬಿಡಿ. ಬಿಸಿ ಇರುವಾಗಲೇ ಕವರಿಗೆ ತುಂಬಿದರೆ ಒಳಗೆ ಬೆವರುತ್ತದೆ. ಕವರ್ ಮೇಲೆ ಪೆನ್ನಲ್ಲಿ "ಉಪ್ಪಿಟ್ಟು, ನೀರು 5 ಲೋಟ" ಅಂತ ಬರೆಯಿರಿ. ಅಳೆದ ಅದೇ ಲೋಟವನ್ನೇ ಜೊತೆಗೆ ಒಯ್ಯಿರಿ. ಯಜಮಾನರೂ ಮಾಡಬಹುದು, ದೊಡ್ಡ ಮಗಳು ನೀರು ಅಳೆದು ಕೊಡಬಹುದು.

ಹುಗ್ಗಿಗೆ ಒಂದು ಲೋಟ ಅಕ್ಕಿ, ಅರ್ಧ ಲೋಟ ಹುರಿದ ಹೆಸರುಬೇಳೆ, ಮೆಣಸು, ಜೀರಿಗೆ, ಉಪ್ಪು ಎಲ್ಲ ಒಂದೇ ಕವರಿನಲ್ಲಿ. ನೀರು ಐದು ಲೋಟ. 3 ಲೀಟರ್ ಕುಕ್ಕರಿಗೆ ಇದು ಸರಿಯಾಗುತ್ತದೆ. ಬೇಳೆ ನೊರೆ ಬರುವುದರಿಂದ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಎರಡು ಸೀಟಿ ಆದಮೇಲೆ ಇಳಿಸಿ ದಪ್ಪ ಕಂಬಳಿ ಸುತ್ತಿ ಅರ್ಧ ಗಂಟೆ ಇಟ್ಟುಬಿಡಿ. ತನ್ನ ಬಿಸಿಯಲ್ಲೇ ಹದವಾಗುತ್ತದೆ, ಗ್ಯಾಸೂ ಉಳಿಯುತ್ತದೆ. ಅಷ್ಟು ಹೊತ್ತು ಮಕ್ಕಳ ಜೊತೆ ತಿರುಗಾಡಿ ಬನ್ನಿ.

ಎರಡನೇ ದಿನ ಮಧ್ಯಾಹ್ನ ಒಲೆಯೇ ಬೇಡ. ಗೊಜ್ಜವಲಕ್ಕಿ ಮಾಡಿ. ಇದನ್ನು ನಾನು ಬೆಂಗಳೂರಿನ ನಮ್ಮ ಬೀಗರ ಮನೆಯಲ್ಲಿ ಕಲಿತೆ. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ. ಹುಣಸೆ, ಬೆಲ್ಲ, ಸಾರಿನ ಪುಡಿ, ಉಪ್ಪು ಗಟ್ಟಿಯಾಗಿ ಕುದಿಸಿ ಸಣ್ಣ ಬಾಟಲಿಗೆ ಹಾಕಿ. ಅಲ್ಲಿ ಗೊಜ್ಜಿಗೆ ನೀರು ಬೆರೆಸಿ ಅವಲಕ್ಕಿ ಹಾಕಿ ಇಪ್ಪತ್ತು ನಿಮಿಷ ಮುಚ್ಚಿಟ್ಟರೆ ಸಾಕು. ಮೇಲೆ ಹುರಿದ ಶೇಂಗಾ, ಒಣಕೊಬ್ಬರಿ ತುರಿ. ಹಸಿ ತೆಂಗಿನಕಾಯಿ ಬೇಡವೇ ಬೇಡ, ಬೆಳಿಗ್ಗೆ ತುರಿದದ್ದು ಸಂಜೆಗೆ ಹಳಸುತ್ತದೆ. ಅತ್ತೆಯವರ ಪಾಲಿಗೆ ಬೆಲ್ಲ ಹಾಕದ ಗೊಜ್ಜು ಬೇರೆ ಇಡಿ.

ಇನ್ನು ಖಡಕ್ ರೊಟ್ಟಿ. ತೇವ ತಾಗದಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಮೈಸೂರಿನಲ್ಲೂ ಈಗ ಸಿಗುತ್ತದೆ. ಊಟದ ತಟ್ಟೆಗಳನ್ನು ಜೋಡಿಸಿ, ಮೇಲಿನ ತಟ್ಟೆಯಲ್ಲಿ ರೊಟ್ಟಿ ಇಟ್ಟು, ಇನ್ನೊಂದು ತಟ್ಟೆ ಬೋರಲು ಹಾಕಿ ಪಂಚೆಯಲ್ಲಿ ಗಂಟು ಕಟ್ಟಿ. ಮುರಿಯುವುದು ಕಡಿಮೆ. ಮುರಿದರೂ ಬೇಜಾರು ಬೇಡ, ಮೊಸರಲ್ಲಿ ನೆನೆಸಿ ಶೇಂಗಾ ಪುಡಿ ಉದುರಿಸಿದರೆ ಮಕ್ಕಳು ಇನ್ನೊಂದು ಸಲ ಕೇಳುತ್ತಾರೆ. ಗುರೆಳ್ಳು ಪುಡಿ, ಅಗಸೆ ಪುಡಿ ನೂರು ನೂರು ಗ್ರಾಂ ಸಾಕು. ಮೊಸರನ್ನು ದಾರಿಯಲ್ಲಿ ತಗೊಳ್ಳಿ, ಮನೆಯಿಂದ ಒಯ್ಯಬೇಡಿ.

ಒಗ್ಗರಣೆಯನ್ನು ಬಾಟಲಿಯಲ್ಲಿ ತುಂಬಿ ಒಯ್ಯುತ್ತೀರಾದರೆ ಬೆಳ್ಳುಳ್ಳಿ ಹಾಕಬೇಡಿ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯನ್ನು ಫ್ರಿಜ್ ಇಲ್ಲದೆ ದಿನಗಟ್ಟಲೆ ಇಟ್ಟರೆ ವಿಷವಾಗಬಹುದು, ವಾಸನೆಯಲ್ಲಿ ಗೊತ್ತಾಗುವುದೂ ಇಲ್ಲ.

ಕುಕ್ಕರಿನ ಹೊಟ್ಟೆಯೂ ಜಾಗವೇ. ಚಹಾ ಪುಡಿ, ಲೋಟ, ಲೈಟರ್, ತೊಳೆಯುವ ನಾರು, ಗೊಜ್ಜಿನ ಬಾಟಲಿ ಎಲ್ಲ ಅದರೊಳಗೇ ತುಂಬಿ.

ಮೈಸೂರುಮನೆ

ಅಕ್ಕಾ, ಏನು ಹೇಳಲಿ! ಎರಡು ಸಲ ಓದಿದೆ, ಅತ್ತೆಗೂ ಓದಿ ಹೇಳಿದೆ. ಒಂದೇ ಸಂದೇಹ. ಹಾಲಿಗೆ ಏನು ಮಾಡಲಿ? ಚಿಕ್ಕವಳಿಗೆ ರಾತ್ರಿ ಹಾಲು ಬೇಕೇ ಬೇಕು. ಅತ್ತೆಗೆ ಬೆಳಿಗ್ಗೆ ಆರಕ್ಕೆ ಏನಾದರೂ ಹೊಟ್ಟೆಗೆ ಬೀಳಬೇಕು.

ಗದಗಿನಅಕ್ಕ

ನಂದಿನಿಯ ಗುಡ್‌ಲೈಫ್ ಹಾಲು ಸಣ್ಣ ಟೆಟ್ರಾ ಪ್ಯಾಕಿನಲ್ಲಿ ಬರುತ್ತದಲ್ಲ, ಅದು. ತೆರೆಯುವವರೆಗೆ ಫ್ರಿಜ್ ಬೇಡ. ದೊಡ್ಡದು ತಗೊಳ್ಳಬೇಡಿ. ತೆರೆದ ಮೇಲೆ ಅದೂ ಬೇರೆ ಹಾಲಿನ ಹಾಗೆಯೇ ಕೆಡುತ್ತದೆ.

ಅತ್ತೆಯವರಿಗೆ ರಾಗಿ ಹುರಿಹಿಟ್ಟು. ಬಿಸಿನೀರು ಅಥವಾ ಮಜ್ಜಿಗೆಯಲ್ಲಿ ಕಲಸಿ, ಚಿಟಿಕೆ ಉಪ್ಪು. ಒಲೆ ಹಚ್ಚುವುದು ತಡವಾದರೂ ಮಾತ್ರೆ ಹೊತ್ತಿಗೆ ಊಟ ತಪ್ಪಬಾರದು. ಅವರ ಕೈಚೀಲದಲ್ಲೇ ಒಂದು ಹಿಡಿ ಹುರಿಗಡಲೆ ಇರಲಿ. ಶುಗರ್ ಇಳಿದರೆ ಅಂತ ನಾಲ್ಕು ಗ್ಲೂಕೋಸ್ ಬಿಸ್ಕತ್ತು, ಸ್ವಲ್ಪ ಸಕ್ಕರೆಯೂ ಇರಲಿ.

ಚಾರಣಿಗ_ಹಾಸನ

ಗದಗಿನ ಅಕ್ಕ ಅಡುಗೆ ವಿಷಯ ಹೇಳಿಬಿಟ್ಟರು, ನಾನು ಒಲೆ ವಿಷಯ ಹೇಳುತ್ತೇನೆ. ಸುಮ್ನೆ ಬಿಡುವ ಮಾತಲ್ಲ ಇದು.

220 ಗ್ರಾಂ ಡಬ್ಬಿ ದೊಡ್ಡ ಉರಿಯಲ್ಲಿ ಒಂದೂವರೆ ಗಂಟೆ ಹತ್ತಿರ ಬರುತ್ತದೆ. ಅಕ್ಕ ಹೇಳಿದ ಹಾಗೆ ಮಾಡಿದರೆ ಎರಡು ಡಬ್ಬಿ ಸಾಕು, ಮೂರನೆಯದು ಧೈರ್ಯಕ್ಕೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಡಬ್ಬಿ ಬಿಡಬೇಡಿ. ತೀರಾ ಅಗಲದ ಪಾತ್ರೆ ಇಡಬೇಡಿ, ಅದರ ಬಿಸಿ ಪಕ್ಕದ ಡಬ್ಬಿಗೆ ತಾಗುತ್ತದೆ. 3 ಲೀಟರ್ ಕುಕ್ಕರ್ ತಳ ಡಬ್ಬಿ ಕಡೆಗೆ ಚಾಚುತ್ತದಾ ಅಂತ ಮನೆಯಲ್ಲೇ ಇಟ್ಟು ನೋಡಿಕೊಳ್ಳಿ.

ಎಷ್ಟೇ ಮಳೆ ಬರಲಿ, ಟೆಂಟ್ ಒಳಗೆ ಒಲೆ ಹಚ್ಚಬೇಡಿ. ಬಟ್ಟೆಗೆ ಬೆಂಕಿ ಹತ್ತುವುದು ಒಂದು ಭಯ. ಇನ್ನೊಂದು ಕಾರ್ಬನ್ ಮೊನಾಕ್ಸೈಡ್, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಅಕ್ಟೋಬರಿನಲ್ಲಿ ಮೂಡಿಗೆರೆ ಕಡೆ ಸಂಜೆ ಮಳೆ ಬರುವುದುಂಟು. ಒಂದು ಟಾರ್ಪಲ್ ತಗೊಳ್ಳಿ, ನಾಲ್ಕೂ ಕಡೆ ಗಾಳಿ ಆಡುವ ಹಾಗೆ ಎತ್ತರಕ್ಕೆ ಕಟ್ಟಿ, ಅದರ ಕೆಳಗೆ ಅಡುಗೆ ಮಾಡಿ. ತಿಂಡಿ ಕವರ್‌ಗಳನ್ನು ರಾತ್ರಿ ಕಾರಿನಲ್ಲೇ ಇಡಿ, ಮಲಗುವ ಕಡೆ ಬೇಡ. ಇಲಿ ಬರುತ್ತದೆ, ಇರುವೆಯಂತೂ ಬಿಡುವುದೇ ಇಲ್ಲ.

ಮೈಸೂರುಮನೆ

ಹೋಗಿ ಬಂದೆವು! ಬಂದ ದಿನವೇ ಬರೆಯುತ್ತಿದ್ದೇನೆ.

ಚೀಲ ಒಂದೇ ಆಯಿತು. ಅಕ್ಕ ಹೇಳಿದ ಹಾಗೆ ಕುಕ್ಕರ್ ಹೊಟ್ಟೆ ತುಂಬಿಸಿದ ಮೇಲೂ ಮೇಲೆ ಜಾಗ ಉಳಿದು ಮಕ್ಕಳ ರೇನ್‌ಕೋಟ್ ಇಟ್ಟೆ. ಮೊದಲ ದಿನ ಮಧ್ಯಾಹ್ನಕ್ಕೆ ಮನೆಯಿಂದಲೇ ಪುಳಿಯೋಗರೆ ಕಟ್ಟಿಕೊಂಡಿದ್ದೆ, ಬೇಲೂರು ದಾಟಿ ಒಂದು ಮರದ ಕೆಳಗೆ ತಿಂದೆವು. ಮೊಸರನ್ನು ಮೂಡಿಗೆರೆಯಲ್ಲಿ ತಗೊಂಡೆ.

ಎರಡನೇ ದಿನ ಹನ್ನೊಂದು ಗಂಟೆಗೇ ಮಳೆ ಹಿಡಿಯಿತು. ಎರಡೂವರೆವರೆಗೆ ಬಿಡಲಿಲ್ಲ. ಒಲೆ ಹೊರಗೆ ತೆಗೆಯಲೇ ಇಲ್ಲ. ಟಾರ್ಪಲ್ ಕೆಳಗೆ ಕೂತು ಗೊಜ್ಜವಲಕ್ಕಿ ಕಲಸಿದೆ. ಚಿಕ್ಕವಳು ಮುಚ್ಚಿದ ಪಾತ್ರೆ ಮುಂದೆ ಕೂತು "ಆಯ್ತಾ, ಆಯ್ತಾ" ಅಂತ ಇಪ್ಪತ್ತು ನಿಮಿಷವೂ ಕೇಳುತ್ತಿದ್ದಳು. ಟಾರ್ಪಲ್ ಅಂಚಿನಿಂದ ನೀರು ದಾರದ ಹಾಗೆ ಇಳಿಯುತ್ತಿತ್ತು. ಅತ್ತೆ ತಮ್ಮ ಬೆಲ್ಲವಿಲ್ಲದ ಪಾಲನ್ನು ಎರಡು ಸಲ ಹಾಕಿಸಿಕೊಂಡರು.

ಒಂದು ತಪ್ಪಾಯಿತು, ಮುಂದೆ ಹೋಗುವವರಿಗೆ ಹೇಳಿಬಿಡುತ್ತೇನೆ. ಅಲ್ಲಿನ ತೇವಕ್ಕೆ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಯಿತು. ಬಟ್ಟೆ ಗಂಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಕಟ್ಟಬೇಕಿತ್ತು. ಒಣ ಸೀಮೆಯ ಗಂಟು ಮಲೆನಾಡಿಗೆ ಹಾಗೇ ಬರುವುದಿಲ್ಲ ಅಕ್ಕಾ. ಮೆತ್ತಗಾದದ್ದನ್ನು ಒಲೆ ಮೇಲೆ ತಟ್ಟೆ ಇಟ್ಟು ಬಿಸಿ ಮಾಡಿಕೊಂಡೆವು, ಸರಿಹೋಯಿತು.

ಗ್ಯಾಸ್ ಡಬ್ಬಿ ಒಂದೂ ಮುಕ್ಕಾಲು ಖರ್ಚಾಯಿತು. ಪ್ಯಾಕೆಟ್ ಎರಡೂ ಹಾಗೇ ವಾಪಸ್ ಬಂದಿವೆ. ಕಂಬಳಿಯಲ್ಲಿ ಹುಗ್ಗಿ ಸುತ್ತಿಟ್ಟು ನಾವೈದೂ ಜನ ಹಳ್ಳದ ಹತ್ತಿರ ಹೋದೆವು. ಕತ್ತಲಾಗುವವರೆಗೆ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಚಿಕ್ಕವಳು ಪಕ್ಕದಲ್ಲೇ ಇದ್ದಳು.