ಸ್ಕ್ಯಾನ್ ಹಾಕಿದರೆ ಕಂಟ್ರೋಲ್ ಚಾನೆಲ್‌ನ ಮಾತೇ ತಪ್ಪಿಹೋಗುತ್ತಿದೆ, ಪ್ರಯಾರಿಟಿ ಹೇಗೆ ಇಡಬೇಕು?

ತಿರುವಿನ_ಕಾವಲು:
ಎಲ್ಲರಿಗೂ ನಮಸ್ಕಾರ. ಸೈಕಲ್ ರೇಸ್‌ಗಳಲ್ಲಿ ರಸ್ತೆ ತಿರುವಿನಲ್ಲಿ ನಿಂತು ಸವಾರರಿಗೆ ದಾರಿ ತೋರಿಸುವ ಕೆಲಸ ನನ್ನದು. ಕೈಯಲ್ಲಿ ಒಂದು ವಾಕಿಟಾಕಿ ಇರುತ್ತದೆ. 1ನೇ ಚಾನೆಲ್ ಕಂಟ್ರೋಲ್, 3 ತಿರುವಿನವರದು, 5 ಡಾಕ್ಟರ ತಂಡದ್ದು. ಉಳಿದವು ನೀರು, ಗಾಡಿ, ಊಟ ಅಂತ. ಎಲ್ಲಾ ಕೇಳಿಸಲಿ ಅಂತ 11 ಚಾನೆಲ್ಲನ್ನೂ ಸ್ಕ್ಯಾನ್‌ಗೆ ಹಾಕಿದ್ದೆ.

ಹೋದ ಸಲ ಮುಂದಿನ ಇಳಿಜಾರಿನಲ್ಲಿ ಒಬ್ಬ ಹುಡುಗ ಬಿದ್ದ. ಕಂಟ್ರೋಲ್‌ನವರು "ರೇಸ್ ನಿಲ್ಲಿಸಿ" ಅಂದಿದ್ದಾರೆ, ನನಗೆ ಕೇಳಿಸಿದ್ದು "...ಲ್ಲಿಸಿ" ಅಷ್ಟೇ. ನೀರಿನ ಕ್ಯಾನ್ ಎಲ್ಲಿದೆ ಅಂತ ಇಬ್ಬರು ಮಾತಾಡಿದ್ದು ಮಾತ್ರ ಪೂರ್ತಿ ಕೇಳಿಸಿತ್ತು. "ಸರಿ, ನಿಲ್ಲಿಸ್ತೀನಿ" ಅಂತ ಒತ್ತಿ ಹೇಳಿದರೆ ಅದು ಕಂಟ್ರೋಲ್‌ಗೂ ಹೋಗಲಿಲ್ಲ, ನೀರಿನವರಿಗೆ ಹೋಯಿತು! ಮೆನುವಿನಲ್ಲಿ ಪ್ರಯಾರಿಟಿ ಅಂತ ಒಂದಿದೆ, ಟಿಒ, ಸಿಒ, ಎಸ್‌ಇ ಅಂತಲೂ ಇದೆ. ಯಾವುದನ್ನು ಹೇಗೆ ಇಡಬೇಕು, ದಯವಿಟ್ಟು ಹೇಳಿ. ಅವತ್ತಿನಿಂದ ನನಗೆ ನೆಮ್ಮದಿ ಇಲ್ಲ.

ಹಳೇ_ಆಪರೇಟರ್:
ಮೊದಲು ಒಂದು ವಿಷಯ. ಸ್ಕ್ಯಾನ್ ಹಾಕಿದ ಮಾತ್ರಕ್ಕೆ ಸೆಟ್ಟು ಎಲ್ಲಾ ಚಾನೆಲ್ ಒಟ್ಟಿಗೆ ಕೇಳಿಸಿಕೊಳ್ಳುವುದಿಲ್ಲ. ಅದಕ್ಕಿರುವುದು ಒಂದೇ ಕಿವಿ. ಒಂದೊಂದೇ ಬಾಗಿಲಿಗೆ ಕಿವಿಯಿಟ್ಟು, ಸದ್ದಿಲ್ಲದಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಒಂದು ಚಾನೆಲ್‌ಗೆ ಕಾಲು ಸೆಕೆಂಡ್ ಅಂತಲೇ ಇಟ್ಟುಕೊಳ್ಳಿ, 11 ಚಾನೆಲ್ ಸುತ್ತಿ ಬರಲು ಹತ್ತಿರ ಹತ್ತಿರ ಮೂರು ಸೆಕೆಂಡ್ ಆಯಿತು. "ರೇಸ್ ನಿಲ್ಲಿಸಿ" ಅನ್ನಲು ಒಂದು ಸೆಕೆಂಡ್ ಸಾಕು. ಟೋನ್ (ನಮ್ಮ ಗುಂಪಿನದು ಅಂತ ಗುರುತಿಸಲು ಮಾತಿನ ಜೊತೆ ಹೋಗುವ ಸಣ್ಣ ಸದ್ದು) ಹಾಕಿದ ಚಾನೆಲ್ ಆದರೆ ಆ ಟೋನ್ ನಮ್ಮದೇನಾ ಅಂತ ಗುರುತಿಸಲು ಇನ್ನೂ ಸ್ವಲ್ಪ ಹೊತ್ತು ಬೇಕು, 67 ಹರ್ಟ್ಜ್‌ನಂಥ ಕೆಳಗಿನ ಟೋನ್‌ಗಳಿಗೆ ಇನ್ನೂ ಜಾಸ್ತಿ.

ಪ್ರಯಾರಿಟಿ ಇಟ್ಟರೆ ಏನಾಗುತ್ತದೆ ಅಂದರೆ, ಸುತ್ತುವ ಕ್ರಮವೇ ಬದಲಾಗುತ್ತದೆ: 1, 2, 1, 3, 1, 4 ಹೀಗೆ. ಪ್ರತಿ ಹೆಜ್ಜೆಗೂ ಒಮ್ಮೆ 1ಕ್ಕೆ ಬಂದು ನೋಡಿ ಹೋಗುತ್ತದೆ. ಅದಕ್ಕಿಂತ ದೊಡ್ಡ ಉಪಯೋಗ, ನೀರಿನವರ ಮಾತು ಕೇಳಿಸುತ್ತಿರುವಾಗಲೂ ಆಗಾಗ 1ರ ಕಡೆ ಇಣುಕುತ್ತದೆ, ಅಲ್ಲಿ ಯಾರಾದರೂ ಮಾತಾಡುತ್ತಿದ್ದರೆ ನೀರಿನವರನ್ನು ಅಲ್ಲೇ ಬಿಟ್ಟು ಅಲ್ಲಿಗೆ ಹಾರುತ್ತದೆ. ನಿಮಗೆ ಅವತ್ತು ಬೇಕಾಗಿದ್ದದ್ದು ಇದೇ.

ಇಣುಕುವಾಗ ಕೇಳಿಸುತ್ತಿರುವ ಮಾತು ಒಂದು ಕ್ಷಣ ಕತ್ತರಿಸುತ್ತದೆ, ಟಿಕ್ ಟಿಕ್ ಅಂತ. ಹೊಸಬರು ಸೆಟ್ಟು ಹಾಳಾಗಿದೆ ಅಂದುಕೊಳ್ಳುತ್ತಾರೆ. ಹಾಳಾಗಿಲ್ಲ, ಅದು ಕೆಲಸ ಮಾಡುತ್ತಿದೆ. ಆದರೆ ಆ ತುಂಡು ಉದ್ದವಾಗಿದ್ದರೆ ಹುಷಾರು. ಬೇರೆ ಗುಂಪಿನವರು 1ರ ಫ್ರೀಕ್ವೆನ್ಸಿಯನ್ನೇ ಬೇರೆ ಟೋನ್‌ನಲ್ಲಿ ಬಳಸುತ್ತಿರಬಹುದು, ಸೆಟ್ಟು ಪ್ರತಿ ಸಲವೂ ನಿಂತು ಟೋನ್ ನೋಡಿ ವಾಪಸ್ ಬರಬೇಕಾಗುತ್ತದೆ.

ಮಳೆಹನಿ:
ಟಿಒ, ಸಿಒ ಬಗ್ಗೆ ನಾನು ಹೇಳುತ್ತೇನೆ. ಟಿಒ ಅಂದರೆ ಸಿಗ್ನಲ್ ಸಿಕ್ಕಲ್ಲಿ ಕೆಲವು ಸೆಕೆಂಡ್ ನಿಂತು, ಮಾತು ಮುಗಿಯದಿದ್ದರೂ ಮುಂದಕ್ಕೆ ಹೋಗುವುದು. ಸಿಒ ಅಂದರೆ ಸಿಗ್ನಲ್ ಹೋಗುವ ತನಕ ಕಾಯುವುದು. ಎಸ್‌ಇ ಅಂದರೆ ಮೊದಲು ಸಿಕ್ಕ ಚಾನೆಲ್‌ನಲ್ಲೇ ನಿಂತುಬಿಡುವುದು, ಸ್ಕ್ಯಾನ್ ಮುಗಿಯಿತು. ನಿಮ್ಮ ಕೆಲಸಕ್ಕೆ ಸಿಒ.

ಉತ್ತರ ತಪ್ಪು ಕಡೆ ಹೋದದ್ದು ಟಾಕ್‌ಬ್ಯಾಕ್‌ನಿಂದ, ಅಂದರೆ ಸ್ಕ್ಯಾನ್ ನಡುವೆ ಒತ್ತಿ ಮಾತಾಡಿದರೆ ಯಾವ ಚಾನೆಲ್‌ಗೆ ಹೋಗಬೇಕು ಅನ್ನುವ ಸೆಟ್ಟಿಂಗ್‌ನಿಂದ. ಮಾತು ನಿಂತ ಮೇಲೂ ಸೆಟ್ಟು ಆ ಚಾನೆಲ್‌ನಲ್ಲಿ ಸ್ವಲ್ಪ ಹೊತ್ತು ಕಾಯುತ್ತದೆ, ಅದೇ ಹ್ಯಾಂಗ್ ಟೈಮ್. ಆಗ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿದರೆ ಅದೇ ಚಾನೆಲ್‌ಗೆ ಹೋಗುತ್ತದೆ. ಆ ಹೊತ್ತು ಕಳೆದ ಮೇಲೆ ಒತ್ತಿದರೆ ಎಲ್ಲಿಗೆ ಹೋಗಬೇಕು ಅನ್ನುವುದು ಪ್ರೋಗ್ರಾಮಿಂಗ್‌ನಲ್ಲಿರುತ್ತದೆ: ಕೆಲವದರಲ್ಲಿ ಕೊನೆಗೆ ಕೇಳಿದ ಚಾನೆಲ್, ಕೆಲವದರಲ್ಲಿ ನೀವು ಆರಿಸಿಟ್ಟದ್ದು. ನೀವು ಕಂಟ್ರೋಲ್ ಮಾತು ಮುಗಿದು ತಡಮಾಡಿ ಒತ್ತಿರಬೇಕು, ಅಷ್ಟರಲ್ಲಿ ಸೆಟ್ಟು ನೀರಿನವರ ಹತ್ತಿರ ಹೋಗಿತ್ತು. ಒತ್ತುವ ಮುಂಚೆ ಸ್ಕ್ರೀನ್ ಮೇಲೆ ಯಾವ ನಂಬರ್ ಇದೆ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ.

ದೋಣಿಯವನು:
ನನ್ನ ಅಭಿಪ್ರಾಯ ಬೇರೆ. 11 ಚಾನೆಲ್ ಯಾಕೆ ಬೇಕು? ತಿರುವಿನಲ್ಲಿ ನಿಂತವರಿಗೆ ಊಟದ ಚಾನೆಲ್ ಸುಮ್ನೆ ತೊಂದರೆ. 1, 3, 5 ಮೂರೇ ಇಡಿ, 1ಕ್ಕೆ ಪ್ರಯಾರಿಟಿ. ಸಮುದ್ರದಲ್ಲಿ ನಾವು ಮಾಡುವುದೂ ಇದೇ. ವಿಎಚ್‌ಎಫ್ ಸೆಟ್‌ನಲ್ಲಿ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಜ್, ಅಪಾಯದ ಕರೆಗಳಿಗೆ. ಕೆಲಸದ ಚಾನೆಲ್ ಯಾವುದಿದ್ದರೂ ಡ್ಯುಯಲ್ ವಾಚ್ ಹಾಕಿ 16ರ ಮೇಲೆ ಒಂದು ಕಿವಿ ಇಟ್ಟಿರುತ್ತೇವೆ.

ಇನ್ನೆರಡು ಮಾತು. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ತಡೆಯುವ ಮಟ್ಟ) ತೀರಾ ಕೆಳಗಿದ್ದರೆ ಬರೀ ಕರಕರ ಸದ್ದಿಗೂ ಸ್ಕ್ಯಾನ್ ನಿಂತುಬಿಡುತ್ತದೆ, ಒಂದು ಹಂತ ಏರಿಸಿ. ಸ್ಕ್ಯಾನ್‌ನಲ್ಲಿ ಸೆಟ್ಟು ನಿದ್ದೆ ಮಾಡುವಂತಿಲ್ಲ, ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಇನ್ನೊಂದು ಜೊತೆಗಿರಲಿ.

ಹಳೇ_ಆಪರೇಟರ್:
ದೋಣಿಯವರು ಹೇಳಿದ್ದು ಸರಿ, ಮೂರೇ ಸಾಕು. ಕಂಟ್ರೋಲ್‌ನವರಿಗೂ ಒಂದು ಮಾತು ತಿಳಿಸಿ: ಪಿಟಿಟಿ ಒತ್ತಿ, ಒಂದು ಸೆಕೆಂಡ್ ಬಿಟ್ಟು, ಆಮೇಲೆ ಮಾತು ಶುರು ಮಾಡಲಿ. "ಎಲ್ಲಾ ತಿರುವಿನವರು, ಎಲ್ಲಾ ತಿರುವಿನವರು, ರೇಸ್ ನಿಲ್ಲಿಸಿ" ಅಂತ ಎರಡು ಸಲ ಕರೆದರೆ ಸ್ಕ್ಯಾನ್ ಮಾಡುತ್ತಿರುವ ಸೆಟ್‌ಗಳಿಗೆ ಬಂದು ನಿಲ್ಲಲು ಹೊತ್ತು ಸಿಗುತ್ತದೆ.

ತಿರುವಿನ_ಕಾವಲು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಗೆಳೆಯರಿಬ್ಬರನ್ನು ಕೂರಿಸಿಕೊಂಡು ಮೂರು ಸೆಟ್ ಇಟ್ಟು ನೋಡಿದೆ. ಒಬ್ಬ 3ರಲ್ಲಿ ನಿಲ್ಲಿಸದೆ ಮಾತಾಡುತ್ತಿದ್ದ, ಇನ್ನೊಬ್ಬ 1ರಲ್ಲಿ ಒತ್ತಿ ಕಾದು ಕರೆದ. ಟಿಕ್ ಅಂತ ಒಂದು ಸದ್ದು, ಸ್ಕ್ರೀನ್ ಮೇಲೆ 3 ಹೋಗಿ 1 ಬಂತು, ಅವನ ಮಾತು ಮೊದಲ ಅಕ್ಷರದಿಂದಲೇ ಕೇಳಿಸಿತು. ಕಾಯದೆ ಒಮ್ಮೆಲೇ ಮಾತಾಡಿದಾಗ ಮೊದಲ ಪದ ಹೋಯಿತು. ಟಾಕ್‌ಬ್ಯಾಕ್ ಮಾತ್ರ ಮೆನುವಿನಲ್ಲಿ ಸಿಗಲಿಲ್ಲ, ಕಂಪ್ಯೂಟರ್‌ಗೆ ಜೋಡಿಸಿಯೇ ಬದಲಿಸಬೇಕೇನೋ. ಕೇಬಲ್ ಬಂದ ಮೇಲೆ ಮತ್ತೆ ಬರೆಯುತ್ತೇನೆ.