ಉಪೇಕ್ಷೆ ಎಂದರೆ ಕಡೆಗಣಿಸುವುದೇ?

ಪ್ರಶ್ನೆ: ಮೈತ್ರಿ, ಕರುಣೆ, ಮುದಿತೆ (ಪರರ ಸುಖಕ್ಕೆ ಸಂತೋಷಪಡುವುದು) ಇವುಗಳ ಜೊತೆಗೆ ಉಪೇಕ್ಷೆಯೂ ಬೌದ್ಧರ ನಾಲ್ಕು ಬ್ರಹ್ಮವಿಹಾರಗಳಲ್ಲಿ, ಅಂದರೆ ಬೆಳೆಸಿಕೊಳ್ಳಬೇಕಾದ ಉನ್ನತ ಮನೋಭಾವಗಳಲ್ಲಿ, ಒಂದು. ನಮ್ಮ ಬಳಕೆಯಲ್ಲಿ ಉಪೇಕ್ಷೆ ಎಂದರೆ ಅಲಕ್ಷ್ಯ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ಅಮ್ಮನಿಗೆ ದಿನವೂ ಚಮಚದಲ್ಲಿ ಗಂಜಿ ಕುಡಿಸುವ ನಾನು ಅವರ ನೋವನ್ನು ಕಂಡೂ ಕಾಣದಂತಿರಬೇಕೆಂದು ಈ ಬೋಧನೆಯ ಅರ್ಥವೇ?

ಉತ್ತರ 1: ಖಂಡಿತ ಅಲ್ಲ. ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ‘ಉಪೇಕ್ಖಾ’ಗೆ ಇರುವ ಈ ಅರ್ಥ ಕನ್ನಡದ ‘ಉಪೇಕ್ಷೆ’ಯ ದಿನಬಳಕೆಯಲ್ಲಿ ಕಾಣುವುದಿಲ್ಲ. ‘ಸಮಚಿತ್ತ’ ಎಂದರೆ ಹೆಚ್ಚು ಹೊಂದುತ್ತದೆ. 5ನೆಯ ಶತಮಾನದ ಬೌದ್ಧ ವ್ಯಾಖ್ಯಾನಕಾರ ಬುದ್ಧಘೋಷನು ತನ್ನ ‘ವಿಶುದ್ಧಿಮಗ್ಗ’ ಗ್ರಂಥದಲ್ಲಿ ಅರಿವಿಲ್ಲದ ಉದಾಸೀನತೆಯನ್ನು ಉಪೇಕ್ಷೆಯ ಸಮೀಪದ ಶತ್ರುವೆಂದೇ ಕರೆದಿದ್ದಾನೆ, ಏಕೆಂದರೆ ಅದು ನೋಡಲು ಉಪೇಕ್ಷೆಯಂತೆಯೇ ಇರುತ್ತದೆ.

ಉತ್ತರ 2: ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಎರಡು ಬಾಣಗಳ ಹೋಲಿಕೆಯಿದೆ. ದೇಹದ ನೋವು ಮೊದಲ ಬಾಣ. ಅದು ಜ್ಞಾನಿಗೂ ತಗಲುತ್ತದೆ. ಅದರ ಬಗ್ಗೆ ಹಲುಬಿ, ಎದೆ ಬಡಿದುಕೊಂಡು ನಾವು ಪಡುವ ಸಂಕಟ ಎರಡನೆಯದು. ಉಪೇಕ್ಷೆ ಎಂದರೆ ಈ ಎರಡನೆಯ ಬಾಣವನ್ನು ತಪ್ಪಿಸಿಕೊಳ್ಳುವುದು, ನೋವನ್ನು ಕಾಣದಿರುವುದಲ್ಲ. ಧ್ಯಾನಕ್ಕೆ ಕುಳಿತಾಗ ನನ್ನ ಮಂಡಿ ಸಿಡಿಯುವುದಕ್ಕಿಂತ, ‘ಇನ್ನೂ ಎಷ್ಟು ಹೊತ್ತು’ ಎಂಬ ಗೊಣಗಾಟವೇ ನನ್ನನ್ನು ಹೆಚ್ಚು ಕಾಡಿದೆ.

ಉತ್ತರ 3: ಬಾಣದ ಮಾತು ಸರಿಯೇ, ಆದರೆ ಆರೈಕೆಯಲ್ಲಿ ಬಳಲಿದವರಿಗೆ ಅದು ಉಪದೇಶದಂತೆ ಕೇಳಿಸಬಹುದು. ನಾನಾದರೆ ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಮಹಾವಗ್ಗ ಭಾಗದ ಪ್ರಸಂಗವನ್ನು ನೆನೆಯುತ್ತೇನೆ: ಅತಿಸಾರದಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ, ಯಾರೂ ನೋಡಿಕೊಳ್ಳದ ಭಿಕ್ಷುವಿನ ಮೇಲೆ ಬುದ್ಧನೇ ನೀರು ಸುರಿದನು, ಅವನ ಶಿಷ್ಯ ಆನಂದನು ತೊಳೆದನು, ಬಳಿಕ ಬುದ್ಧನು ತಲೆಯ ಕಡೆಯಿಂದಲೂ ಆನಂದನು ಕಾಲಿನ ಕಡೆಯಿಂದಲೂ ಎತ್ತಿ ಆ ಭಿಕ್ಷುವನ್ನು ಮಂಚದ ಮೇಲೆ ಮಲಗಿಸಿದರು. ಉಪೇಕ್ಷೆಯನ್ನು ಬೋಧಿಸಿದವನೇ ನೋವನ್ನು ಕಂಡೂ ಕಾಣದಂತಿರಲಿಲ್ಲ.